ಮನೆಬಳಕೆಯ ಬ್ಯಾಟರಿ: ಸೋರಿಕೆ ಮತ್ತು ಆಯ್ಕೆ (ಹೊಸೂರು–ಕೃಷ್ಣಗಿರಿ ಪ್ರದೇಶ)

ಗೋಡೆ ಗಡಿಯಾರ, ಟಿ.ವಿ. ರಿಮೋಟು, ಟಾರ್ಚು, ಗ್ಯಾಸ್ ಗೀಸರು, ರಕ್ತದೊತ್ತಡ ನೋಡುವ ಯಂತ್ರ, ಕೈಗಡಿಯಾರ, ಆಟಿಕೆ ಮುಂತಾದವುಗಳಿಗೆ ಹಾಕುವ ಸಣ್ಣ ಸೆಲ್ಲುಗಳ ಒಳಗಿನ ರಾಸಾಯನಿಕ ಹೊರಬಂದು ಲೋಹದ ಪಟ್ಟಿ, ಸ್ಪ್ರಿಂಗು, ಸರ್ಕಿಟ್‌ಗಳನ್ನು ತಿನ್ನುವುದೇ ಬ್ಯಾಟರಿ ಸೋರಿಕೆ. ಮನೆಮಾತಿನಲ್ಲಿ ಇದನ್ನು ಸೆಲ್ಲು ನೀರು ಬಿಟ್ಟಿದೆ ಎನ್ನುತ್ತಾರೆ. ಸೆಲ್ಲಿನ ಬೆಲೆ ಕೆಲವು ರೂಪಾಯಿ, ಅದು ಕೆಡಿಸುವ ಉಪಕರಣದ ಬೆಲೆ ಸಾವಿರಗಳಲ್ಲಿ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಸೋರಿಕೆಯನ್ನು ನಿರ್ಧರಿಸುವುದು ಕಂಪನಿಯ ಹೆಸರಿಗಿಂತ ಹೆಚ್ಚಾಗಿ ಬೇರೆ ಮೂರು ಸಂಗತಿಗಳು: ಸೆಲ್ಲಿನ ಒಳಗಿರುವ ರಸಾಯನ ಯಾವುದು, ಉಪಕರಣ ಎಷ್ಟು ಕರೆಂಟು ಎಳೆಯುತ್ತದೆ, ಮುಗಿದ ಸೆಲ್ಲು ಎಷ್ಟು ಕಾಲ ಒಳಗೇ ಉಳಿಯುತ್ತದೆ.

2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆ ತಮಿಳು, ತೆಲುಗು, ಕನ್ನಡ ಮೂರೂ ಕೂಡಿ ಬದುಕುವ ಗಡಿಸೀಮೆ. ಬ್ಯಾಟರಿಯ ಮಟ್ಟಿಗೆ ಈ ಜಿಲ್ಲೆಯ ಸ್ಥಿತಿ ಸ್ವಲ್ಪ ವಿಚಿತ್ರ. ಹೊಸೂರಿನ ಬಳಿ ಎಕ್ಸೈಡ್ ಕಂಪನಿಯ ಸೀಸ-ಆಮ್ಲ ಬ್ಯಾಟರಿ ಕಾರ್ಖಾನೆಯಿದೆ. ಏಥರ್ ಎನರ್ಜಿಯ ವಿದ್ಯುತ್ ಸ್ಕೂಟರು ತಯಾರಾಗುವುದು ಹೊಸೂರಿನಲ್ಲಿ. ಪೋಚಂಪಳ್ಳಿಯ ಕಡೆ ಓಲಾ ಎಲೆಕ್ಟ್ರಿಕ್ ಲಿಥಿಯಂ ಸೆಲ್ಲುಗಳನ್ನೇ ತಯಾರಿಸುವ ಘಟಕ ಕಟ್ಟಿದೆ. ಇಷ್ಟಿದ್ದರೂ ರಿಮೋಟಿಗೆ ಹಾಕುವ ಪೆನ್ಸಿಲ್ ಸೆಲ್ಲು ಮಾತ್ರ ಹೊರಗಿನಿಂದಲೇ ಬರಬೇಕು. ತೆಂಕಣ ಭಾರತದ ಕಿರಾಣಿ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ನಿಪ್ಪೊ, 1972ರಲ್ಲಿ ಶುರುವಾದ ಚೆನ್ನೈನ ಇಂಡೊ ನ್ಯಾಷನಲ್ ಕಂಪನಿಯದು. ಅದರ ಕಾರ್ಖಾನೆಗಳು ಆಂಧ್ರದ ನೆಲ್ಲೂರು ಮತ್ತು ತಡದಲ್ಲಿವೆ. ಎವರೆಡಿ ಕೋಲ್ಕತ್ತದ ಕಂಪನಿ. 1934ರಿಂದ ಭಾರತದಲ್ಲಿರುವ ಅದು ಬಹುಕಾಲ ಯೂನಿಯನ್ ಕಾರ್ಬೈಡ್‌ನ ಕೈಯಲ್ಲಿತ್ತು. ಭೋಪಾಲ ದುರಂತದ ಹತ್ತು ವರ್ಷದ ಮೇಲೆ, 1994ರಲ್ಲಿ ಒಡೆತನ ಬದಲಾಯಿತು.

ಸೋರುವ ಬಗೆ

ಅಂಗಡಿಯಲ್ಲಿ ಸಿಗುವ ಅಗ್ಗದ ಸೆಲ್ಲು ಸತು-ಇಂಗಾಲದ ಜಾತಿಯದು. ಫ್ರಾನ್ಸಿನ ಜಾರ್ಜ್ ಲೆಕ್ಲಾಂಷೆ 1866ರಲ್ಲಿ ರೂಪಿಸಿದ ದ್ರವದ ಕೋಶವನ್ನು ಜರ್ಮನಿಯ ಕಾರ್ಲ್ ಗಾಸ್ನರ್ 1880ರ ದಶಕದಲ್ಲಿ ಒಣ ಸೆಲ್ಲಾಗಿ ಮಾರ್ಪಡಿಸಿದ. ಇಂದಿನ ಸೆಲ್ಲಿನ ಮೂಲ ರಚನೆಯೂ ಅದೇ. ಇದರಲ್ಲಿ ಸತುವಿನ ಡಬ್ಬಿಯೇ ಋಣಧ್ರುವ. ವಿದ್ಯುತ್ತು ಕೊಡುತ್ತ ಹೋದಂತೆ ಡಬ್ಬಿ ತಾನೇ ಕರಗಿ ತೆಳ್ಳಗಾಗುತ್ತದೆ, ಕೊನೆಗೆ ತೂತು ಬೀಳುತ್ತದೆ. ಅಂದರೆ ಈ ಸೆಲ್ಲಿಗೆ ಸೋರುವುದು ಅಪಘಾತವಲ್ಲ, ಪೂರ್ತಿ ಮುಗಿಯುವುದರ ಒಂದು ಭಾಗ. ಹೊರಗಿನ ತಗಡಿನ ಕವಚ ಆ ಗಳಿಗೆಯನ್ನು ಮುಂದೂಡುತ್ತದೆ, ತಪ್ಪಿಸುವುದಿಲ್ಲ. ಹೊರಬರುವುದು ಅಮೋನಿಯಂ ಕ್ಲೋರೈಡ್ ಅಥವಾ ಸತುವಿನ ಕ್ಲೋರೈಡಿನ ಹುಳಿ ದ್ರವ. ಅದು ಕಂದು ಕಲೆಯಾಗಿ ಅಂಟಿಕೊಳ್ಳುತ್ತದೆ.

ಆಲ್ಕಲೈನ್ ಸೆಲ್ಲು ಇದನ್ನು ಒಳಹೊರಗು ಮಾಡಿದ ರಚನೆ. ಯೂನಿಯನ್ ಕಾರ್ಬೈಡ್‌ನಲ್ಲಿದ್ದ ಕೆನಡಾದ ಲೂಯಿಸ್ ಅರಿ 1950ರ ದಶಕದಲ್ಲಿ ಇದನ್ನು ಬಳಕೆಗೆ ತಂದ. ಸತುವಿನ ಪುಡಿ ನಡುವೆ, ಮ್ಯಾಂಗನೀಸ್ ಡೈಆಕ್ಸೈಡು ಸುತ್ತ, ಹೊರಗೆ ಉಕ್ಕಿನ ಡಬ್ಬಿ. ಡಬ್ಬಿ ಕರಗುವುದಿಲ್ಲವಾದ್ದರಿಂದ ಇದು ಸೋರುವುದೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ನಿಜವಾಗಿ ಸತುವು ಪೊಟ್ಯಾಸಿಯಂ ಹೈಡ್ರಾಕ್ಸೈಡಿನೊಂದಿಗೆ ಮೆಲ್ಲಗೆ ವರ್ತಿಸಿ ಜಲಜನಕ ಅನಿಲ ಹುಟ್ಟಿಸುತ್ತಲೇ ಇರುತ್ತದೆ. ಒತ್ತಡ ಮಿತಿ ಮೀರಿದರೆ ಸೆಲ್ಲು ಸಿಡಿಯಬಾರದೆಂದು ಋಣತುದಿಯ ಪ್ಲಾಸ್ಟಿಕ್ ಮುದ್ರೆಯಲ್ಲಿ ಬೇಕೆಂದೇ ಒಂದು ತೆಳು ಜಾಗ ಬಿಟ್ಟಿರುತ್ತಾರೆ. ಅದು ಹರಿದಾಗ ಅನಿಲದ ಜೊತೆ ಕ್ಷಾರವೂ ಹೊರಬಂದು, ಗಾಳಿಯ ಇಂಗಾಲದ ಡೈಆಕ್ಸೈಡು ಸೇರಿ, ಪೊಟ್ಯಾಸಿಯಂ ಕಾರ್ಬೊನೇಟಿನ ಬಿಳಿ ಪುಡಿಯಾಗಿ ಹೆಪ್ಪುಗಟ್ಟುತ್ತದೆ. ಹಿಂದೆ ಈ ಅನಿಲವನ್ನು ತಡೆಯಲು ಸತುವಿಗೆ ಪಾದರಸ ಬೆರೆಸುತ್ತಿದ್ದರು. ವಿಷವೆಂದು 1990ರ ದಶಕದಲ್ಲಿ ಅದನ್ನು ಕೈಬಿಟ್ಟ ಮೇಲೆ ಸತುವಿನ ಶುದ್ಧತೆ ಮತ್ತು ಮುದ್ರೆಯ ಗುಣಮಟ್ಟದ ಮೇಲೆಯೇ ಎಲ್ಲವೂ ನಿಂತಿದೆ. ಪರಿಸರಕ್ಕೆ ಒಳ್ಳೆಯದಾಯಿತು. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಉಪಕರಣಗಳಿಗೆ ಅಷ್ಟು ಒಳ್ಳೆಯದಾಗಲಿಲ್ಲ.

ಸೋರಿಕೆಗೆ ಮತ್ತೊಂದು ದೊಡ್ಡ ಕಾರಣ ಹಳೆಯ ಮತ್ತು ಹೊಸ ಸೆಲ್ಲುಗಳನ್ನು ಜೋಡಿ ಹಾಕುವುದು. ಒಂದರ ಹಿಂದೊಂದು ಕೂತ ಸೆಲ್ಲುಗಳಲ್ಲಿ ದುರ್ಬಲವಾದದ್ದು ಮೊದಲು ಬರಿದಾಗುತ್ತದೆ. ಆದರೂ ಬಲವಾದದ್ದು ತನ್ನ ಕರೆಂಟನ್ನು ಅದರ ಮೂಲಕವೇ ತಳ್ಳುತ್ತದೆ. ಆಗ ಬರಿದಾದ ಸೆಲ್ಲಿನ ಧ್ರುವ ತಿರುಗುಮುರುಗಾಗಿ ಅನಿಲ ಬೇಗ ಬೇಗ ಹುಟ್ಟುತ್ತದೆ. ಒಂದು ಸೆಲ್ಲು ಉಳಿಸಿದೆವೆಂದು ಎರಡರಲ್ಲಿ ಒಂದನ್ನೇ ಬದಲಿಸುವುದು ನಮ್ಮ ಮನೆಗಳಲ್ಲಿ ಬಲು ಸಾಮಾನ್ಯವಾದ, ಬಲು ದುಬಾರಿಯಾದ ಉಳಿತಾಯ. ಬೇರೆ ಬೇರೆ ಜಾತಿಯ ಸೆಲ್ಲುಗಳನ್ನು ಬೆರೆಸಿದರೂ ಇದೇ ಗತಿ.

ಪೊಟ್ಟಣದ ಮೇಲೆ ಓದಬೇಕಾದದ್ದು

ಹೆವಿ ಡ್ಯೂಟಿ, ಸೂಪರ್, ಪವರ್, ಲೀಕ್ ಪ್ರೂಫ್ ಎಂಬ ವಿಶೇಷಣಗಳಿಂದ ರಸಾಯನ ತಿಳಿಯುವುದಿಲ್ಲ. ಹೆವಿ ಡ್ಯೂಟಿ ಎಂದು ಬರೆದದ್ದು ಸಾಮಾನ್ಯವಾಗಿ ಸತು-ಕ್ಲೋರೈಡ್ ಸೆಲ್ಲೇ ಹೊರತು ಆಲ್ಕಲೈನ್ ಅಲ್ಲ. ಅದೇ ಸೆಲ್ಲಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಅಂತರರಾಷ್ಟ್ರೀಯ ಸಂಕೇತ ನಂಬಬಹುದಾದದ್ದು. ಪೆನ್ಸಿಲ್ ಸೆಲ್ಲಿನ ಮೇಲೆ ಆರ್6 ಎಂದಿದ್ದರೆ ಸತು-ಇಂಗಾಲ, ಎಲ್‌ಆರ್6 ಎಂದಿದ್ದರೆ ಆಲ್ಕಲೈನ್, ಎಫ್‌ಆರ್6 ಎಂದಿದ್ದರೆ ಲಿಥಿಯಂ. ಸಣ್ಣ ಪೆನ್ಸಿಲ್ ಸೆಲ್ಲಿಗೆ 6ರ ಬದಲು 03, ಟಾರ್ಚಿನ ದೊಡ್ಡ ಸೆಲ್ಲಿಗೆ 20. ಇದರ ಜೊತೆಗೆ ತಯಾರಾದ ತಿಂಗಳು, ಬಳಕೆಯ ಗಡುವು, ಐಎಸ್‌ಐ ಗುರುತು ನೋಡಬೇಕು. ಬಹುಬಳಕೆಯ ಒಣ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೊ ಮಾಡಿರುವ ಮಾನಕ ಐಎಸ್ 8144. ಬಿಸಿಲಿಗೆ ತೂಗುಹಾಕಿದ ಪಟ್ಟಿಯಿಂದ ಹರಿದು ಕೊಡುವ ಸೆಲ್ಲಿಗಿಂತ ಹೆಚ್ಚು ಮಾರಾಟವಿರುವ ಅಂಗಡಿಯ ಹೊಸ ಪೊಟ್ಟಣ ಮೇಲು.

ಸೆಲ್ಲನ್ನು ಮೇಜಿನ ಮೇಲೆ ಬೀಳಿಸಿ, ಪುಟಿದರೆ ಖಾಲಿ, ಪುಟಿಯದಿದ್ದರೆ ತುಂಬಿದೆ ಎನ್ನುವ ಪರೀಕ್ಷೆಯಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಆಲ್ಕಲೈನ್ ಸೆಲ್ಲುಗಳ ಮೇಲೆ ಇದನ್ನು ಮಾಡಿ ನೋಡಿದರು. ಅರ್ಧದಷ್ಟು ಶಕ್ತಿ ಉಳಿದಿರುವಾಗಲೇ ಪುಟಿತ ತನ್ನ ಗರಿಷ್ಠ ಮಟ್ಟ ಮುಟ್ಟಿಬಿಡುತ್ತದೆ. ಹಾಗಾಗಿ ಪುಟಿದ ಸೆಲ್ಲು ಹೊಸದಲ್ಲ ಎನ್ನಬಹುದು, ಸತ್ತಿದೆ ಎನ್ನಲಾಗದು. ಮಲ್ಟಿಮೀಟರ್ ಇದ್ದವರಿಗೆ ಕೆಲಸ ಸುಲಭ: ಹೊಸ ಸೆಲ್ಲು 1.5 ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ.

ಕೈಗಡಿಯಾರದ ಸೆಲ್ಲು

ಸೋರಿಕೆಯ ವಿಷಯದಲ್ಲಿ ಹೊಸೂರಿಗೆ ವಿಶೇಷ ಸ್ಥಾನವಿರುವುದು ಇಲ್ಲಿ. ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ 1984ರಲ್ಲಿ ಜಂಟಿಯಾಗಿ ಹುಟ್ಟುಹಾಕಿದ ಟೈಟಾನ್ ತನ್ನ ಕಾರ್ಖಾನೆಯನ್ನು ಹೊಸೂರಿನಲ್ಲಿ ತೆರೆಯಿತು. ಅಲ್ಲಿಯವರೆಗೆ ಗಡಿಯಾರವೆಂದರೆ ಬೆಂಗಳೂರಿನ ಎಚ್‌ಎಂಟಿ, ದಿನಾ ಕೀಲಿ ಕೊಡುವ ಯಂತ್ರ. ಟೈಟಾನ್ ಮೊದಲಿನಿಂದಲೂ ಕ್ವಾರ್ಟ್ಸ್ ಗಡಿಯಾರವನ್ನೇ ನೆಚ್ಚಿತು. ಕೀಲಿ ಹೋಯಿತು, ಸೆಲ್ಲು ಬಂತು. ಮದುವೆಗೆ, ಗೃಹಪ್ರವೇಶಕ್ಕೆ, ಮಗ ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಗಡಿಯಾರ ಉಡುಗೊರೆ ಕೊಡುವ ರೂಢಿಯೂ ಬಲಿಯಿತು. ಹೀಗೆ ಬಂದ ಗಡಿಯಾರಗಳಲ್ಲಿ ಎಷ್ಟೋ ನಿಂತ ಮೇಲೆ ಬೀರುವಿನಲ್ಲಿ ಮಲಗುತ್ತವೆ. ಕೀಲಿ ಗಡಿಯಾರ ಇಪ್ಪತ್ತು ವರ್ಷ ಮಲಗಿದ್ದರೂ ಎಣ್ಣೆ ಹಾಕಿದರೆ ಏಳಬಹುದು. ಕ್ವಾರ್ಟ್ಸ್ ಗಡಿಯಾರದಲ್ಲಿ ಮುಗಿದ ಸೆಲ್ಲು ಸೋರಿ ಕೂದಲೆಳೆಯಷ್ಟು ತೆಳ್ಳಗಿನ ತಂತಿಯ ಸುರುಳಿಯನ್ನೂ ಸರ್ಕಿಟನ್ನೂ ತಿಂದಿದ್ದರೆ ಒಳಯಂತ್ರವನ್ನೇ ಬದಲಿಸಬೇಕು.

ಇಂಥ ಗಡಿಯಾರಗಳಿಗೆ ಸರಿಯಾದದ್ದು ಬೆಳ್ಳಿ ಆಕ್ಸೈಡಿನ ಗುಂಡಿ ಸೆಲ್ಲು. ಬಹು ಬಳಕೆಯಲ್ಲಿರುವ ಎಸ್‌ಆರ್626ಎಸ್‌ಡಬ್ಲ್ಯು, ಅಂದರೆ 377ನೇ ನಂಬರಿನದು, 6.8 ಮಿ.ಮೀ. ಅಗಲ, 2.6 ಮಿ.ಮೀ. ದಪ್ಪ. ಅದರ 1.55 ವೋಲ್ಟು ಕೊನೆಯವರೆಗೂ ಹೆಚ್ಚುಕಡಿಮೆ ಏರುಪೇರಿಲ್ಲದೆ ನಿಲ್ಲುತ್ತದೆ. ಇದೇ ಅಳತೆಯಲ್ಲಿ ಎಲ್‌ಆರ್626 ಅಥವಾ ಎಜಿ4 ಎಂಬ ಆಲ್ಕಲೈನ್ ಗುಂಡಿಯೂ ಸಿಗುತ್ತದೆ. ಬೆಲೆ ಬಹಳ ಕಡಿಮೆ, ವೋಲ್ಟು ಇಳಿಯುತ್ತ ಹೋಗುತ್ತದೆ, ಸೋರುವ ಸಂಭವ ಹೆಚ್ಚು. ರಸ್ತೆಬದಿಯ ರಿಪೇರಿ ಪೆಟ್ಟಿಗೆಯಲ್ಲಿ ಸೆಲ್ಲು ಹಾಕಿಸುವಾಗ ಎಸ್ ಅಕ್ಷರದಿಂದ ಶುರುವಾಗುವ ಸೆಲ್ಲೇ ಬೇಕೆಂದು ಕೇಳುವುದಕ್ಕೆ ನಾಚಿಕೆಪಡಬೇಕಾಗಿಲ್ಲ. ಸೆಲ್ಲು ಉಳಿಯಲೆಂದು ಪಕ್ಕದ ಗುಂಡಿಯನ್ನು ಹೊರಗೆಳೆದು ಇಡುವವರಿದ್ದಾರೆ. ಅದರಿಂದ ಖರ್ಚು ಕಡಿಮೆಯಾಗುತ್ತದೆ, ಸೆಲ್ಲಿನ ವಯಸ್ಸೇನೂ ನಿಲ್ಲುವುದಿಲ್ಲ. ಕಟ್ಟದೆ ಇಡುವ ಗಡಿಯಾರದಿಂದ ಸೆಲ್ಲು ತೆಗೆಸಿಬಿಡುವುದೇ ಸರಿಯಾದ ದಾರಿ. ತೆಗೆದ ಗುಂಡಿ ಸೆಲ್ಲು ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳವನ್ನು ಎರಡು ಗಂಟೆಯೊಳಗೇ ಸುಡಬಲ್ಲದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತೂಕದ ಯಂತ್ರ, ಕಾರಿನ ಕೀಲಿಗಳಲ್ಲಿರುವ ಅಗಲವಾದ ಸಿಆರ್2032 ಲಿಥಿಯಂ ಸೆಲ್ಲು ಸೋರುವುದು ಅಪರೂಪ, ಆದರೆ ನುಂಗಿದಾಗ ಅದೇ ಹೆಚ್ಚು ಅಪಾಯಕಾರಿ.

ಯಾವುದಕ್ಕೆ ಯಾವುದು

ಗೋಡೆ ಗಡಿಯಾರ ಎಳೆಯುವ ಕರೆಂಟು ಅತ್ಯಲ್ಪ. ಅದಕ್ಕೆ ಒಳ್ಳೆಯ ಹೆಸರಿನ ಸತು-ಇಂಗಾಲದ ಸೆಲ್ಲು ಸಾಕು, ವರ್ಷಕ್ಕೊಮ್ಮೆ ಬದಲಿಸಬೇಕು ಅಷ್ಟೆ. ಹೊಸೂರಿನ ಕಾರ್ಖಾನೆಗಳಲ್ಲಿ ಆಯುಧಪೂಜೆಗೆ ಯಂತ್ರಗಳನ್ನೆಲ್ಲ ಒರೆಸಿ ಕುಂಕುಮ ಇಡುತ್ತಾರೆ. ಮನೆಯಲ್ಲೂ ಅವತ್ತೇ ರಿಮೋಟು, ಗಡಿಯಾರ, ಟಾರ್ಚುಗಳ ಮುಚ್ಚಳ ತೆಗೆದು ನೋಡುವ ರೂಢಿ ಮಾಡಿಕೊಂಡರೆ ನೆನಪಿಡುವ ತಾಪತ್ರಯವಿಲ್ಲ. ಗ್ಯಾಸ್ ಗೀಸರಿನ ಕಿಡಿಗೆ ಸಾಮಾನ್ಯವಾಗಿ ಎರಡು ದೊಡ್ಡ ಸೆಲ್ಲು ಬೇಕು. ಬಚ್ಚಲಿನ ಹಬೆಯಲ್ಲಿ ಅವುಗಳ ತಗಡು ಬೇಗ ತುಕ್ಕು ಹಿಡಿಯುವುದರಿಂದ ವರ್ಷ ಕಾಯದೆ ಆರು ತಿಂಗಳಿಗೊಮ್ಮೆ ನೋಡಬೇಕು. ಹೆಚ್ಚು ಕರೆಂಟು ಎಳೆಯುವ ಆಟಿಕೆ, ಕ್ಯಾಮೆರಾಗಳಲ್ಲಿ ಆಲ್ಕಲೈನ್ ಸೆಲ್ಲು ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ನಿಜವಾದ ತೊಡಕು ಇರುವುದು ಬೆಲೆಬಾಳುವ ಆದರೆ ಅಪರೂಪಕ್ಕೆ ಬಳಸುವ ಉಪಕರಣಗಳಲ್ಲಿ. ರಕ್ತದೊತ್ತಡದ ಯಂತ್ರ, ಒಳ್ಳೆಯ ಮಲ್ಟಿಮೀಟರು, ಹಳೆಯ ರೇಡಿಯೊ ಇಂಥವು. ಇವುಗಳಲ್ಲಿ ಆಲ್ಕಲೈನ್ ಹಾಕಿ ಮರೆಯುವುದು ತಪ್ಪು ಆಯ್ಕೆ ಎಂದೇ ಹೇಳಬೇಕು. ಎಫ್‌ಆರ್6 ಲಿಥಿಯಂ ಸೆಲ್ಲಿನಲ್ಲಿ ನೀರಿನ ಅಂಶವಾಗಲಿ ಕ್ಷಾರವಾಗಲಿ ಇಲ್ಲ, ಸೋರುವುದು ತೀರ ಅಪರೂಪ, ಬೆಲೆ ಮಾತ್ರ ಜಾಸ್ತಿ. ಮತ್ತೊಂದು ದಾರಿ ರೀಚಾರ್ಜ್ ಆಗುವ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು. 2005ರಲ್ಲಿ ಜಪಾನಿನ ಸ್ಯಾನ್ಯೊ ತಂದ ಎನೆಲೂಪ್ ಮಾದರಿಯವು ಚಾರ್ಜು ಮಾಡಿಟ್ಟರೆ ತಿಂಗಳುಗಟ್ಟಲೆ ಖಾಲಿಯಾಗುವುದಿಲ್ಲ, ಒಳಗೆ ಕ್ಷಾರವಿದ್ದರೂ ಸೋರುವುದು ವಿರಳ. 1.2 ವೋಲ್ಟು ಮಾತ್ರ ಕೊಡುವುದರಿಂದ ಕೆಲವು ಗೀಸರು, ಗಡಿಯಾರಗಳಿಗೆ ಒಗ್ಗುವುದಿಲ್ಲ. ಪೆನ್ಸಿಲ್ ಸೆಲ್ಲಿನ ಅಳತೆಯಲ್ಲೇ ಬರುವ 14500 ಎಂಬ 3.7 ವೋಲ್ಟಿನ ಲಿಥಿಯಂ-ಅಯಾನ್ ಸೆಲ್ಲನ್ನು ಗುರುತಿಸದೆ ರಿಮೋಟಿಗೆ ಹಾಕಿದರೆ ಸೋರಿಕೆಯವರೆಗೆ ಕಾಯಬೇಕಿಲ್ಲ, ಉಪಕರಣ ಅಲ್ಲೇ ಸುಡಬಹುದು.

ತಳಿ, ಜವಳಗಿರಿ, ಡೆಂಕಣಿಕೋಟೆ ಕಡೆಯ ಕಾಡಂಚಿನಲ್ಲಿ ಟಾರ್ಚು ಅನುಕೂಲದ ವಸ್ತುವಲ್ಲ, ಕಾವಲಿನ ವಸ್ತು. ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡು ರಾಗಿ ಹೊಲಕ್ಕೆ ಇಳಿಯುವುದು ಮಳೆಗಾಲ ಮುಗಿದ ಮೇಲೆ. ಉಳಿದ ತಿಂಗಳುಗಳಲ್ಲಿ ಗೂಟಕ್ಕೆ ತೂಗುವ ಟಾರ್ಚಿನಲ್ಲಿ ಸೆಲ್ಲು ಸೋರಿದ್ದರೆ ಗೊತ್ತಾಗುವುದು ಆನೆ ಬಂದ ರಾತ್ರಿಯೇ. ಈಗ ಅಲ್ಲೆಲ್ಲ ಚಾರ್ಜಿನ ಎಲ್‌ಇಡಿ ಟಾರ್ಚುಗಳು ಬಂದಿವೆ. ಸೆಲ್ಲಿನ ಟಾರ್ಚು ಇಟ್ಟುಕೊಂಡವರು ಕೊಯ್ಲು ಮುಗಿದೊಡನೆ ಸೆಲ್ಲು ತೆಗೆದು ಬೇರೆ ಇಡಬೇಕು.

ಇನ್ವರ್ಟರಿನ ಸೀಸ-ಆಮ್ಲ ಬ್ಯಾಟರಿಯ ಸಮಸ್ಯೆ ಬೇರೆ. ಅಲ್ಲಿ ಗಂಧಕಾಮ್ಲದ ಆವಿಯಿಂದ ತುದಿಗಳಲ್ಲಿ ಹಸಿರು-ಬಿಳಿ ಬೂಷ್ಟು ಕಟ್ಟುತ್ತದೆ. ಬಟ್ಟಿ ಇಳಿಸಿದ ನೀರಿನ ಮಟ್ಟ ನೋಡುತ್ತ, ತುದಿಗೆ ವ್ಯಾಸಲೀನ್ ಸವರಿದರೆ ಹತೋಟಿಯಲ್ಲಿರುತ್ತದೆ.

ಸೋರಿದ ಮೇಲೆ

ಕೈಗವಸು ಹಾಕಿ ಸೆಲ್ಲು ತೆಗೆದು, ಒಣ ಪುಡಿಯನ್ನು ಊದದೆ ಬ್ರಷ್ಷಿನಿಂದ ಕೆಡವಬೇಕು. ಬಿಳಿ ಪುಡಿ ಕ್ಷಾರವಾದ್ದರಿಂದ ಹತ್ತಿಕಡ್ಡಿಗೆ ವಿನಿಗರ್ ಅಥವಾ ನಿಂಬೆರಸ ತಾಕಿಸಿ ಒರೆಸಿದರೆ ನೊರೆಯೆದ್ದು ಬಿಡುತ್ತದೆ. ಸತು-ಇಂಗಾಲದ ಕಂದು ಕಲೆ ಹುಳಿಯದಾದ್ದರಿಂದ ಅದಕ್ಕೆ ನೀರಿನಲ್ಲಿ ಕಲಸಿದ ಅಡುಗೆ ಸೋಡಾ. ಎರಡಕ್ಕೂ ನಿಂಬೆಹಣ್ಣೇ ಮದ್ದು ಎಂದು ತಿಳಿಯುವುದು ತಪ್ಪು. ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ ಪೂರ್ತಿ ಒಣಗಿಸಿ, ಉಳಿದ ತುಕ್ಕನ್ನು ನಯವಾದ ಮರಳು ಕಾಗದದಲ್ಲಿ ಉಜ್ಜಬಹುದು. ಕಣ್ಣಿಗೆ ತಾಗಿದರೆ ಬಹಳ ಹೊತ್ತು ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಬೇಕು. ತಂತಿಯೊಳಗೆ ಏರಿದ ಕ್ಷಾರ ಹೊರಗೆ ಕಾಣುವುದಿಲ್ಲ. ಒರೆಸಿದ ಮೇಲೂ ಉಪಕರಣ ಏಳದಿದ್ದರೆ ಕಾರಣ ಅದೇ ಇರಬಹುದು.

ಇಡುವುದು, ಎಸೆಯುವುದು

ಸೆಲ್ಲಿಗೆ ಹಿತವಾದ ತಾಪಮಾನ 10ರಿಂದ 25 ಡಿಗ್ರಿ ಸೆಲ್ಸಿಯಸ್. ಸುಮಾರು 900 ಮೀಟರ್ ಎತ್ತರದ ಹೊಸೂರಿನಲ್ಲಿ ವರ್ಷದ ಬಹುಭಾಗ ಅದು ಸಿಗುತ್ತದೆ, ತಗ್ಗಿನಲ್ಲಿರುವ ಕೃಷ್ಣಗಿರಿಯ ಬೇಸಿಗೆಯಲ್ಲಿ ಸಿಗದು. ಹಾಗೆಂದು ಫ್ರಿಜ್ಜಿನಲ್ಲಿಡುವ ಅಗತ್ಯವಿಲ್ಲ, ಹೊರತೆಗೆದಾಗ ಕಟ್ಟುವ ತೇವ ಇನ್ನೊಂದು ಕೇಡು. ಮಧ್ಯಾಹ್ನದ ಬಿಸಿಲಲ್ಲಿ ನಿಂತ ಕಾರಿನ ಒಳಗೆ ಟಾರ್ಚು ಬಿಡುವುದು ಮಾತ್ರ ಸೋರಿಕೆಯನ್ನು ಕರೆದಂತೆ.

ಮುಗಿದ ಸೆಲ್ಲನ್ನು ಒಲೆಗೆ ಹಾಕಬಾರದು, ಹೊಲದ ಬದುವಿಗೆ ಎಸೆಯಬಾರದು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2001ರ ಹಳೆಯ ನಿಯಮಗಳ ಜಾಗಕ್ಕೆ ಬಂದವು. ಹಳೆಯವು ಸೀಸ-ಆಮ್ಲ ಬ್ಯಾಟರಿಗಳಿಗಷ್ಟೇ ಸೀಮಿತವಾಗಿದ್ದವು. ಹೊಸವು ಪೆನ್ಸಿಲ್ ಸೆಲ್ಲನ್ನೂ ಒಳಗೊಳ್ಳುತ್ತವೆ. ಹಳೆಯ ಸೆಲ್ಲುಗಳನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು, ಬೇರೆ ಕಸದಿಂದ ಬೇರ್ಪಡಿಸಿ ಕೊಡುವ ಹೊಣೆ ಬಳಸುವವರದು. ಸಣ್ಣ ಸೆಲ್ಲುಗಳಲ್ಲಿ ಪಾದರಸ ತೂಕದ ಶೇ. 0.0005ನ್ನು ಮೀರಬಾರದೆಂದೂ, ಅಡ್ಡಗೆರೆ ಎಳೆದ ಕಸದ ತೊಟ್ಟಿಯ ಚಿತ್ರವನ್ನು ಮುದ್ರಿಸಬೇಕೆಂದೂ ನಿಯಮ ಹೇಳುತ್ತದೆ.