ಪೀಣ್ಯದ ಶೆಡ್ಡಿನಿಂದ ಗ್ಯಾಲಕ್ಸಿ ಗೊಂಚಲಿನವರೆಗೆ

ನಮ್ಮ ಊರುಗಳಿಂದ ಬೆಂಗಳೂರಿಗೆ ಕೆಲಸ ಹುಡುಕಿ ಹೋದ ಎಷ್ಟೋ ಮಂದಿ ಲಗ್ಗೆರೆಯಲ್ಲಿ ಬಾಡಿಗೆಗಿದ್ದಾರೆ. ಬೆಳಗಾದರೆ ಪಕ್ಕದ ಪೀಣ್ಯಕ್ಕೆ ಹೊರಡುತ್ತಾರೆ. ಒಬ್ಬರು ಗಾರ್ಮೆಂಟ್ಸಿಗೆ, ಒಬ್ಬರು ಲೇತ್ ಶಾಪಿಗೆ, ಇನ್ನೊಬ್ಬರು ಸೆಕ್ಯೂರಿಟಿ ಕೆಲಸಕ್ಕೆ. ಪೀಣ್ಯ ಎಂದರೆ ನಮ್ಮ ಜನಕ್ಕೆ ಶಿಫ್ಟು, ಓಟಿ, ಸಂಬಳ. ಆದರೆ ಆಕಾಶ ನೋಡುವವರ ಚರಿತ್ರೆಯಲ್ಲೂ ಪೀಣ್ಯಕ್ಕೆ ಒಂದು ಜಾಗವಿದೆ. ಅಲ್ಲಿ ಒಂದು ಸೋಲಿದೆ. ಆ ಸೋಲಿನ ನಂತರ ನಲವತ್ತು ವರ್ಷ ಬಿಡದೆ ನಡೆದ ಕೆಲಸವೂ ಇದೆ. ಅದನ್ನೇ ಈ ಸಲ ಬರೆಯುತ್ತಿದ್ದೇವೆ.

ಮೊದಲು ಆಕಾಶದ ವಿಷಯ. ನಮ್ಮ ಸೂರ್ಯನಂಥ ಸಾವಿರಾರು ಕೋಟಿ ನಕ್ಷತ್ರಗಳು ಸೇರಿದರೆ ಒಂದು ಗ್ಯಾಲಕ್ಸಿ. ಅಂಥ ನೂರಾರು, ಕೆಲವೆಡೆ ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳು ದ್ರಾಕ್ಷಿಯಂತೆ ಒತ್ತಾಗಿ ಸೇರಿರುವುದೇ ಗ್ಯಾಲಕ್ಸಿ ಗೊಂಚಲು. 1933ರಲ್ಲಿ ಫ್ರಿಟ್ಜ್ ಜ್ವಿಕಿ ಎಂಬ ವಿಜ್ಞಾನಿ ಕೋಮಾ ಎಂಬ ಗೊಂಚಲನ್ನು ಅಳೆದು ನೋಡಿದರು. ಅದರ ಗ್ಯಾಲಕ್ಸಿಗಳು ಓಡುವ ವೇಗಕ್ಕೆ ಗೊಂಚಲು ಯಾವತ್ತೋ ಚೆದುರಿ ಹೋಗಬೇಕಿತ್ತು. ಕಣ್ಣಿಗೆ ಕಾಣುವಷ್ಟು ವಸ್ತುವಿನಿಂದ ಅದನ್ನು ಹಿಡಿದಿಡಲು ಆಗುವುದಿಲ್ಲ. ಕಾಣದ ಇನ್ನೇನೋ ಇದೆ ಎಂದರು ಜ್ವಿಕಿ. ಗೊಂಚಲಿನ ತೂಕದಲ್ಲಿ ಹೆಚ್ಚಿನ ಪಾಲು ಆ ಕಾಣದ ವಸ್ತುವಿನದೇ ಎಂದು ಇಂದು ವಿಜ್ಞಾನಿಗಳು ಒಪ್ಪುತ್ತಾರೆ.

ಉಳಿದ ಪಾಲಿನಲ್ಲೂ ನಕ್ಷತ್ರಗಳದ್ದು ಸ್ವಲ್ಪವೇ. ಹೆಚ್ಚಿನದು ಗ್ಯಾಲಕ್ಸಿಗಳ ನಡುವೆ ತುಂಬಿಕೊಂಡಿರುವ ಅನಿಲ. ಅದರ ಬಿಸಿ ಕೋಟಿಗಟ್ಟಲೆ ಡಿಗ್ರಿ. ಅಷ್ಟು ಕಾದ ಅನಿಲ ಹೊಳೆಯುವುದು ಎಕ್ಸ್‌ರೇಯಲ್ಲಿ, ಆಸ್ಪತ್ರೆಯಲ್ಲಿ ಮೂಳೆ ನೋಡಲು ಬಳಸುವ ಅದೇ ಬಗೆಯ ಕಿರಣದಲ್ಲಿ. ಆಕಾಶದಿಂದ ಬರುವ ಎಕ್ಸ್‌ರೇಯನ್ನು ನಮ್ಮ ಗಾಳಿಯ ಹೊದಿಕೆ ನೆಲ ಮುಟ್ಟಲು ಬಿಡುವುದಿಲ್ಲ. ಅದು ನಮ್ಮ ಪುಣ್ಯ. ಆದರೆ ಅದನ್ನು ನೋಡಬೇಕೆನ್ನುವವರು ಗಾಳಿಗಿಂತ ಮೇಲೆ ಹೋಗಲೇಬೇಕು. 1970ರ ಡಿಸೆಂಬರಿನಲ್ಲಿ ಕೀನ್ಯಾದ ಕರಾವಳಿಯಿಂದ ಅಮೆರಿಕದ ಉಹುರು ಉಪಗ್ರಹ ಹಾರಿತು. ಗೊಂಚಲುಗಳು ಎಕ್ಸ್‌ರೇಯಲ್ಲಿ ಹೊಳೆಯುವುದನ್ನು ಅದು ತೋರಿಸಿಕೊಟ್ಟಿತು.

ಆ ಹೊತ್ತಿಗೆ ನಮ್ಮ ದೇಶದ ಬಳಿ ಒಂದೂ ಉಪಗ್ರಹ ಇರಲಿಲ್ಲ. 1972ರಲ್ಲಿ ಸೋವಿಯತ್ ರಷ್ಯಾದ ಜೊತೆ ಒಪ್ಪಂದವಾಯಿತು. ಉಪಗ್ರಹ ನಮ್ಮದು, ಹಾರಿಸುವ ರಾಕೆಟ್ ಅವರದು. ಕೆಲಸದ ಮುಂದಾಳು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್. ಕಟ್ಟಲು ಸಿಕ್ಕ ಜಾಗ ಪೀಣ್ಯದ ಕೈಗಾರಿಕಾ ಶೆಡ್ಡುಗಳು. ಅಲ್ಲೇ ಸುಮಾರು 360 ಕಿಲೋ ತೂಕದ ಆರ್ಯಭಟ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಅದು ಕಕ್ಷೆ ಸೇರಿತು.

ಆರ್ಯಭಟದೊಳಗೆ ಆಕಾಶದ ಎಕ್ಸ್‌ರೇ ಹಿಡಿಯುವ ಉಪಕರಣವೂ ಇತ್ತು. ಗೊಂಚಲು ನೋಡಲೆಂದೇ ಮಾಡಿದ್ದಲ್ಲ, ಆದರೂ ಈ ದಾರಿಯಲ್ಲಿ ನಮ್ಮ ಉಪಗ್ರಹದ ಮೊದಲ ಹೆಜ್ಜೆ ಅದು. ನಾಲ್ಕೈದು ದಿನಕ್ಕೇ ಕರೆಂಟು ಕೈಕೊಟ್ಟಿತು. ಪ್ರಯೋಗಗಳು ನಿಂತವು. ಮೂರು ವರ್ಷದ ದುಡಿಮೆಗೆ ಸಿಕ್ಕಿದ್ದು ಕೆಲವೇ ದಿನಗಳ ಮಾಹಿತಿ. ಆದರೆ ಉಪಗ್ರಹ ಕಟ್ಟುವುದು ಹೇಗೆಂದು ಗೊತ್ತಾಗಿತ್ತು. ಅದನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. 1979ರಲ್ಲಿ ಭಾಸ್ಕರ ಹಾರಿತು, ಆಮೇಲೆ ಸಾಲಾಗಿ ಉಳಿದವು.

ಇತ್ತ ನೆಲದ ಮೇಲೂ ಕೆಲಸ ನಡೆದಿತ್ತು. ರೇಡಿಯೋ ಅಲೆಗಳಿಗೆ ಗಾಳಿಯ ಅಡ್ಡಿ ಕಡಿಮೆ. ಅವನ್ನು ಹಿಡಿಯಲು ಮೇಲೆ ಹೋಗಬೇಕಿಲ್ಲ, ವಿಸ್ತಾರವಾದ ಜಾಗ ಮತ್ತು ಗದ್ದಲವಿಲ್ಲದ ಊರು ಬೇಕು. ಅಂದಿನ ಕೋಲಾರ, ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ 1970ರ ದಶಕದಲ್ಲಿ ಅಂಥ ದೂರದರ್ಶಕ ಎದ್ದಿತು. ಅದು ಗುಮ್ಮಟವಲ್ಲ, ತಟ್ಟೆಯೂ ಅಲ್ಲ. ಬಯಲಿನಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸಾಲು ಹಿಡಿದ 1,000 ಆಂಟೆನಾಗಳು. ಪೂರ್ವ ಪಶ್ಚಿಮದ ಸಾಲೇ ಒಂದು ಕಿಲೋಮೀಟರಿಗಿಂತ ಉದ್ದ. ನಾವು ಕೇಳುವ ಎಫ್‌ಎಂ 100 ಮೆಗಾಹರ್ಟ್ಸ್ ಆಸುಪಾಸಿನದು. ಗೌರಿಬಿದನೂರು ಕೇಳುತ್ತಿದ್ದುದು 34.5 ಮೆಗಾಹರ್ಟ್ಸ್. ಅಲ್ಲಿಂದ ಕೆಲವು ಗ್ಯಾಲಕ್ಸಿ ಗೊಂಚಲುಗಳನ್ನು ಗಮನಿಸಿ ಸಿ.ವಿ. ಶಾಸ್ತ್ರಿ ಮತ್ತು ಆರ್.ಕೆ. ಶೆವ್‌ಗಾಂವ್ಕರ್ 1983ರಲ್ಲಿ ಪ್ರಬಂಧ ಪ್ರಕಟಿಸಿದರು. ಗೊಂಚಲಿನಲ್ಲಿ ಕಾಂತದ ಬಲಕ್ಕೆ ಸಿಕ್ಕಿ ವೇಗವಾಗಿ ಸುತ್ತುವ ಎಲೆಕ್ಟ್ರಾನುಗಳು ಇಂಥ ಅಲೆಗಳನ್ನು ಹೊಮ್ಮಿಸುತ್ತವೆ. ಎಕ್ಸ್‌ರೇಗೆ ಕಾಣದ ಸುದ್ದಿ ರೇಡಿಯೋಗೆ ಸಿಗುತ್ತದೆ, ರೇಡಿಯೋಗೆ ಸಿಗದ್ದು ಎಕ್ಸ್‌ರೇಗೆ. ಎರಡೂ ಬೇಕು.

ಮತ್ತೆ ಪೀಣ್ಯಕ್ಕೆ ಬರೋಣ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಆಸ್ಟ್ರೋಸ್ಯಾಟ್ ಹಾರಿತು. ಆರ್ಯಭಟ ಹಾರಿ ಆಗ ನಲವತ್ತು ವರ್ಷ ದಾಟಿತ್ತು. ಇದು ಆಕಾಶಕಾಯಗಳನ್ನು ನೋಡಲೆಂದೇ ಕಟ್ಟಿದ ಉಪಗ್ರಹ. ಎಕ್ಸ್‌ರೇ ಮತ್ತು ಅತಿನೇರಳೆ ಎರಡನ್ನೂ ನೋಡಬಲ್ಲದು. ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ. ಉಪಗ್ರಹಕ್ಕೆ ಎತ್ತ ತಿರುಗಬೇಕು, ಏನು ನೋಡಬೇಕು ಎಂಬ ಆಜ್ಞೆ ಹೋಗುವುದು ಪೀಣ್ಯದ ಇಸ್ಟ್ರಾಕ್ ಕೇಂದ್ರದಿಂದ. ಬಂದ ಮಾಹಿತಿಯನ್ನು ಜೋಪಾನ ಮಾಡುವುದು ಕೆಂಗೇರಿ ಆಚೆಯ ಬ್ಯಾಲಾಳು ಗ್ರಾಮದಲ್ಲಿ.

ಅದು ನೋಡಿದ್ದರಲ್ಲಿ ಒಂದನ್ನು ಹೇಳುತ್ತೇವೆ. ಏಬಲ್ 85 ಎಂಬ ಗೊಂಚಲು 70 ಕೋಟಿಗೂ ಹೆಚ್ಚು ಬೆಳಕಿನ ವರ್ಷ ದೂರದಲ್ಲಿದೆ. ಅಂದರೆ ಅಲ್ಲಿಂದ ಹೊರಟ ಬೆಳಕು ನಮ್ಮನ್ನು ತಲುಪಲು ಅಷ್ಟು ವರ್ಷ ಬೇಕು. ಅದರೊಳಕ್ಕೆ ಜೆಒ201 ಎಂಬ ಗ್ಯಾಲಕ್ಸಿ ಭಾರೀ ವೇಗದಲ್ಲಿ ನುಗ್ಗುತ್ತಿದೆ. ಕಣದಲ್ಲಿ ರಾಗಿ ತೂರುವಾಗ ಕಾಳು ಕೆಳಗೆ ಬಿದ್ದು ಹೊಟ್ಟು ಗಾಳಿಗೆ ಹಾರುತ್ತದಲ್ಲ, ಅಲ್ಲಿ ಆಗುತ್ತಿರುವುದೂ ಹೆಚ್ಚುಕಮ್ಮಿ ಅದೇ. ನಕ್ಷತ್ರಗಳು ಗ್ಯಾಲಕ್ಸಿಯಲ್ಲೇ ಉಳಿಯುತ್ತವೆ, ಅದರ ಅನಿಲ ಮಾತ್ರ ಗೊಂಚಲಿನ ಬಿಸಿ ಅನಿಲದ ಹೊಡೆತಕ್ಕೆ ಹಿಂದಕ್ಕೆ ಹಾರಿ ಬಾಲವಾಗುತ್ತದೆ. ನೋಡಲು ಸಮುದ್ರದ ಜೆಲ್ಲಿ ಮೀನಿನಂತೆ. ಚಿಲಿ ದೇಶದ ಬೆಟ್ಟದ ಮೇಲಿನ ದೊಡ್ಡ ದೂರದರ್ಶಕ ಆ ಅನಿಲವನ್ನು ಅಳೆದಿತ್ತು. ಆ ಬಾಲದೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿರುವುದನ್ನು ಆಸ್ಟ್ರೋಸ್ಯಾಟ್ ಅತಿನೇರಳೆಯಲ್ಲಿ ಹಿಡಿಯಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೋಶಿ ಜಾರ್ಜ್ ಮತ್ತು ಸಂಗಡಿಗರು 2018ರಲ್ಲಿ ಇದನ್ನು ಪ್ರಕಟಿಸಿದರು. ನೆಲದ ಕಣ್ಣು, ಮೇಲಿನ ಕಣ್ಣು ಕೂಡಿದ್ದರಿಂದ ಆದ ಕೆಲಸ ಅದು.

ಅದಮಾರು, ಗೌರಿಬಿದನೂರು, ಹೊಸಕೋಟೆ, ಬ್ಯಾಲಾಳು, ಪೀಣ್ಯ. ಇವೆಲ್ಲ ನಮ್ಮ ಬಸ್ಸಿನ ಬೋರ್ಡಿನಲ್ಲಿ ಬರುವ ಊರುಗಳು. ಇದೆಲ್ಲ ದೊಡ್ಡವರ ವಿದ್ಯೆ, ನಮಗಲ್ಲ ಎಂದು ಹತ್ತನೇ ಕ್ಲಾಸಿಗೇ ಪುಸ್ತಕ ಮುಚ್ಚುವ ಮಕ್ಕಳು ಈ ಊರುಗಳಲ್ಲೂ ಇದ್ದಾರೆ, ಲಗ್ಗೆರೆಯ ಬಾಡಿಗೆ ಮನೆಗಳಲ್ಲೂ ಇದ್ದಾರೆ. ಆಸ್ಟ್ರೋಸ್ಯಾಟ್ ಕೂಡಿಟ್ಟ ಹಳೆಯ ಮಾಹಿತಿ 2018ರಿಂದ ಎಲ್ಲರಿಗೂ ಮುಕ್ತವಾಗಿದೆ. ಅದನ್ನು ಓದಲು ಗಣಿತ, ಭೌತಶಾಸ್ತ್ರ ಕಲಿಯಬೇಕು. ಯಾರ ಮಗ, ಯಾವ ಊರಿನವಳು ಎಂದು ಅದು ಕೇಳುವುದಿಲ್ಲ.

ಮನೆಯಲ್ಲಿ ಅಜ್ಜಿಯ ಪೆಟ್ಟಿಗೆಯೊಳಗೆ ಹಳೆಯ ಎರಡು ರೂಪಾಯಿ ನೋಟಿದ್ದರೆ ತಿರುಗಿಸಿ ನೋಡಿ. ಹುಲಿಯಿದ್ದರೆ ಅದು ಬೇರೆ ನೋಟು. ಉಪಗ್ರಹವಿದ್ದರೆ ಅದೇ ಆರ್ಯಭಟ. ಕರೆಂಟು ಹೋಗಿ ಪ್ರಯೋಗ ನಿಂತದ್ದು ಗೊತ್ತಿದ್ದೂ ದೇಶ ಅದನ್ನು ನೋಟಿನ ಮೇಲೆ ಅಚ್ಚು ಹಾಕಿಸಿತು. ಅದು ತಯಾರಾದದ್ದು ಪೀಣ್ಯದ ಶೆಡ್ಡಿನಲ್ಲಿ ಎಂದು ಮಕ್ಕಳಿಗೂ ಹೇಳಿ.