ಕುದುರೆಯ ಬೆದರು ಬಿಡಿಸಿದ ಬಗೆ: ಕನ್ನಡ ನಾಡಿನ ಅಶ್ವಶಿಕ್ಷಣದಲ್ಲಿ ಶಾಸ್ತ್ರ ಮತ್ತು ಲಾಯ

ಕುದುರೆಗೆ ಎಲ್ಲೆಲ್ಲಿ ಹೊಡೆಯಬೇಕು ಎಂಬುದಕ್ಕೆ ಶುಕ್ರನೀತಿಯಲ್ಲಿ ಒಂದು ಪಟ್ಟಿಯೇ ಇದೆ. ಒಂದೊಂದು ತಪ್ಪಿಗೆ ಮೈಯ ಒಂದೊಂದು ಜಾಗ. ದಾರಿ ಬಿಟ್ಟರೆ ಮುಖಕ್ಕೆ, ಬೆದರಿದರೆ ಎದೆಗೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಹೊಡೆಯಬಾರದ ಕಡೆ ಪೆಟ್ಟು ತಿಂದ ಕುದುರೆಗೆ ಹಲವು ದೋಷಗಳು ಅಂಟಿಕೊಳ್ಳುತ್ತವೆ, ಅವು ಅದು ಸಾಯುವವರೆಗೂ ಬಿಡುವುದಿಲ್ಲ. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. ಆದರೆ ಈ ಎರಡು ಮಾತುಗಳೂ ಹಳೆಯ ಅಶ್ವಶಾಸ್ತ್ರ ಪರಂಪರೆಗೆ ಸೇರಿದವೇ. ಮೊದಲನೆಯದು ಬೆದರನ್ನು ಕುದುರೆಯ ಅಪರಾಧವೆಂದು ಎಣಿಸುತ್ತದೆ. ಎರಡನೆಯದನ್ನು ಹೇಳಿದವನು ಪೆಟ್ಟು ತಿಂದ ಕುದುರೆಯೊಡನೆ ದಿನ ಕಳೆದವನಿರಬೇಕು. ನಮ್ಮಲ್ಲಿ ಬೆದರು ಬಿಡಿಸುವ ವಿದ್ಯೆ ಬೆಳೆದದ್ದು ಹೆಚ್ಚಾಗಿ ಲಾಯದಲ್ಲಿ, ಹುಲ್ಲು ಹಾಕುವವರ ಮತ್ತು ಮೈ ತಿಕ್ಕುವವರ ಕೈಯಲ್ಲಿ. ಗ್ರಂಥಗಳಲ್ಲಿ ಅದು ಪಕ್ಕದ ಮಾತಾಗಿ ಮಾತ್ರ ಸಿಗುತ್ತದೆ ಎಂಬುದು ಈ ಲೇಖನದ ವಾದ.

ಕುದುರೆ ಓಡಿ ಜೀವ ಉಳಿಸಿಕೊಂಡ ಪ್ರಾಣಿ. ಕಣ್ಣುಗಳು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಸುತ್ತಲಿನ ಸುಮಾರು 350 ಡಿಗ್ರಿ ಅದಕ್ಕೆ ಕಾಣುತ್ತದೆ. ಸುಮ್ಮನೆ ನಿಂತಾಗ ನಿಮಿಷಕ್ಕೆ 28ರಿಂದ 44 ಸಲ ಬಡಿಯುವ ಎದೆ, ಬೆಚ್ಚಿದಾಗ ನೂರು ದಾಟಲು ಹೊತ್ತು ಬೇಡ. ಆಗ ಕತ್ತು ಮೇಲೇರುತ್ತದೆ, ಬೆನ್ನು ಬಿಗಿಯುತ್ತದೆ, ಹಲ್ಲು ಕಡಿವಾಣವನ್ನು ಕಚ್ಚುತ್ತದೆ. ಮೈ ಸಡಿಲವಾದಾಗ ಇದೆಲ್ಲ ತಿರುವು ಮುರುವು: ತಲೆ ತಗ್ಗುತ್ತದೆ, ಮೂಗಿನಿಂದ ಬುರ್ರೆಂದು ಉಸಿರು ಬರುತ್ತದೆ, ಕೆಳದುಟಿ ಜೋಲುತ್ತದೆ, ಒಂದು ಹಿಂಗಾಲು ಭಾರ ಇಳಿಸಿ ಗೊರಸಿನ ತುದಿಯ ಮೇಲೆ ನಿಲ್ಲುತ್ತದೆ. ಬಿಗಿದ ಕುದುರೆಗೆ ಏನು ಕಲಿಸಿದರೂ ಅದು ಕಲಿಯುವುದು ಭಯವನ್ನೇ. ಜರ್ಮನ್ ಅಶ್ವದಳದ 1912ರ ಕೈಪಿಡಿಯ ಪರಂಪರೆಯಲ್ಲಿ ರೂಪುಗೊಂಡ ಶಿಕ್ಷಣದ ಆರು ಮೆಟ್ಟಿಲುಗಳಲ್ಲಿ ಮೊದಲನೆಯದು ನಡಿಗೆಯ ಲಯ, ಎರಡನೆಯದು ಮೈಮನಸ್ಸಿನ ಸಡಿಲಿಕೆ. ಲಗಾಮಿನ ಮಾತು ಬರುವುದು ಆಮೇಲೆ. ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಗ್ರೀಕ್ ಸೇನಾನಿ ಝೆನೊಫೊನ್ ಇನ್ನೂ ಸ್ಪಷ್ಟವಾಗಿ ಹೇಳಿದ್ದ. ಅಂಜಿದ ವಸ್ತುವಿನ ಎದುರು ಹೊಡೆದರೆ, ತನಗಾದ ನೋವು ಆ ವಸ್ತುವಿನಿಂದಲೇ ಬಂತೆಂದು ಕುದುರೆ ತಿಳಿಯುತ್ತದೆ ಎಂಬುದು ಅವನ ವಿವರಣೆ. ಎದೆಗೆ ಹೊಡೆ ಎಂದ ನಮ್ಮ ಶ್ಲೋಕಕಾರನಿಗೆ ಇದಕ್ಕಿಂತ ಚುರುಕಾದ ಉತ್ತರ ಬೇಕಿಲ್ಲ.

ಹಾಗೆಂದು ನಮ್ಮ ಗ್ರಂಥಗಳನ್ನು ಒಂದೇ ಏಟಿಗೆ ತಳ್ಳಿಹಾಕುವಂತಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣವನ್ನು ನಿಧಾನವಾಗಿ ಓದಬೇಕು. ಕುದುರೆಗಳನ್ನು ಅವನು ತೀಕ್ಷ್ಣ, ಭದ್ರ, ಮಂದ ಎಂದು ಸ್ವಭಾವದ ಮೇಲೆ ವಿಂಗಡಿಸಿ, ಯುದ್ಧಕ್ಕೆ ಯಾವುದು, ಸವಾರಿಗೆ ಯಾವುದು ಎಂದು ಅದರಂತೆ ಗೊತ್ತು ಮಾಡಿಸುತ್ತಾನೆ. ಎಲ್ಲ ಕುದುರೆಗೂ ಒಂದೇ ಪಾಠ ಎಂಬ ಹಟ ಅಲ್ಲಿಲ್ಲ. ಲಾಯ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಬೇಕು; ಒಂದೊಂದಕ್ಕೂ ಕುದುರೆಯ ಉದ್ದದಷ್ಟು ಚೌಕದ ಜಾಗ, ಕೆಳಗೆ ನುಣುಪಾದ ಹಲಗೆ. ಗಂಡು, ಹೆಣ್ಣು, ಮರಿಗಳಿಗೆ ಬೇರೆ ಬೇರೆ ಕಡೆ. ಇವುಗಳ ನಡುವೆ ಕೋತಿ, ನವಿಲು, ಚುಕ್ಕಿ ಜಿಂಕೆ, ಮುಂಗುಸಿ, ಚಕೋರ, ಗಿಳಿ, ಗೊರವಂಕ ಓಡಾಡಿಕೊಂಡಿರಬೇಕು! ಹಾವು ಮತ್ತು ವಿಷದ ಸುಳಿವಿಗಾಗಿ ಈ ಏರ್ಪಾಡು ಎಂದು ವಿವರಿಸುವುದುಂಟು, ಇರಬಹುದು. ಆದರೆ ಕೋತಿಯ ಕಿರುಚಾಟ, ನವಿಲಿನ ಕೂಗು, ರೆಕ್ಕೆ ಬಡಿತಗಳ ನಡುವೆ ಬೆಳೆದ ಮರಿ ಮುಂದೆ ಒಣ ಎಲೆ ಸದ್ದಿಗೆ ಹೌಹಾರುವುದಿಲ್ಲ. ಕೌಟಿಲ್ಯನ ಉದ್ದೇಶ ಏನೇ ಇರಲಿ, ಲಾಯವೇ ಪಾಠಶಾಲೆಯಾಗಿತ್ತು ಎಂದು ನಾನು ಓದಿಕೊಳ್ಳುತ್ತೇನೆ.

ಅಗ್ನಿಪುರಾಣದ ಅಶ್ವವಾಹನ ಅಧ್ಯಾಯದಲ್ಲಿ ಸವಾರ ಏರುವ ಮೊದಲು ಕುದುರೆಯನ್ನು ಮಾತಾಡಿಸುತ್ತಾನೆ. ನೀನು ಗಂಧರ್ವರಾಜ, ದೊಡ್ಡ ಕುಲದಲ್ಲಿ ಹುಟ್ಟಿದವನು, ಆ ಕುಲಕ್ಕೆ ಕಳಂಕ ತರಬೇಡ ಎಂಬ ಧಾಟಿಯ ಮಂತ್ರ ಅದು. ಮಂತ್ರದ ಅರ್ಥ ಕುದುರೆಗೆ ಬೇಕಿಲ್ಲ. ಅದನ್ನು ಹೇಳಲು ಸವಾರ ನಿಲ್ಲಬೇಕು, ದನಿ ತಗ್ಗಿಸಬೇಕು, ಉಸಿರನ್ನು ಹದಕ್ಕೆ ತರಬೇಕು. ಕುದುರೆಗೆ ಮುಟ್ಟುವುದು ಅದು.

ಕನ್ನಡ ನೆಲಕ್ಕೆ ಬಂದರೆ, ಕಲ್ಯಾಣದ ಮೂರನೇ ಸೋಮೇಶ್ವರ 1129ರಲ್ಲಿ ರಚಿಸಿದ ಮಾನಸೋಲ್ಲಾಸ ಎದುರಾಗುತ್ತದೆ. ಅದರ ತುರಗವಾಹ್ಯಾಲಿ ವಿನೋದದಲ್ಲಿ ಕುದುರೆಗಳ ದೇಶ, ಬಣ್ಣ, ಸುಳಿ ಎಲ್ಲ ಬಂದು, ಕೊನೆಗೆ ಎಂಟೆಂಟು ಸವಾರರು ಎದುರುಬದುರಾಗಿ ಕೋಲಿನಿಂದ ಚೆಂಡು ಹೊಡೆಯುವ ಆಟ ಬರುತ್ತದೆ. ಇಂದಿನ ಪೋಲೊಗೆ ಹತ್ತಿರದ ಆಟ. ಕಿವಿಯ ಪಕ್ಕದಲ್ಲೇ ಕೋಲು ಬೀಸಿದರೂ, ಇನ್ನೊಂದು ಕುದುರೆ ಮೈಗೆ ಮೈ ತಾಗಿಸಿದರೂ ಕಂಗೆಡದ ಕುದುರೆ ಇದ್ದರಷ್ಟೇ ಈ ಆಟ ಸಾಧ್ಯ. ಆ ಹಂತಕ್ಕೆ ಅದನ್ನು ತಂದವರಿಗೆ ಗ್ರಂಥದಲ್ಲಿ ಸಿಕ್ಕ ಜಾಗ, ಸುಳಿಗಳ ಶುಭಾಶುಭಕ್ಕೆ ಸಿಕ್ಕಷ್ಟಿಲ್ಲ. ಶಾಸನಗಳಲ್ಲಿ ಲಾಯದ ಮೇಲಧಿಕಾರಿ ‘ಸಾಹಣಿ’ಯ ಹೆಸರು ಸಿಗುತ್ತದೆ. ಅವನ ಕೈಕೆಳಗಿನವರಿಗೆ ಆ ಭಾಗ್ಯವಿಲ್ಲ. 1400ರ ಸುಮಾರಿನಲ್ಲಿ ಅಭಿನವಚಂದ್ರ ಕನ್ನಡದಲ್ಲಿ ಅಶ್ವವೈದ್ಯ ಬರೆದ. 15ನೇ ಶತಮಾನದ ಆರಂಭದಲ್ಲಿ ಬಹಮನಿಗಳ ಕಲಬುರ್ಗಿಯಲ್ಲಿ ಶಾಲಿಹೋತ್ರದ, ಎಂದರೆ ಕುದುರೆಯ ಲಕ್ಷಣ ಮತ್ತು ಚಿಕಿತ್ಸೆಯ, ವಿದ್ಯೆ ಪಾರ್ಸಿಗೆ ಹೋಯಿತು. ಎರಡರ ವಸ್ತುವೂ ಹೇಳುವಂತೆ, ರಾಜರು ಹಣ ಕೊಟ್ಟು ಬರೆಸಿದ್ದು ಲಕ್ಷಣ ಮತ್ತು ಔಷಧವನ್ನು.

ವಿಜಯನಗರದ ಕಾಲಕ್ಕೆ ಸಮಸ್ಯೆ ಬೃಹತ್ತಾಯಿತು. ಅರಸ ವರ್ಷಕ್ಕೆ 13,000 ಹೊರ್ಮುಜ್ ಮತ್ತು ನಾಡ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಲೆಕ್ಕ ಸ್ವಲ್ಪ ಉಬ್ಬಿದ್ದರೂ ಪ್ರಮಾಣ ತಿಳಿಯುತ್ತದೆ. ಹಡಗಿನ ಒಡಲಲ್ಲಿ ವಾರಗಟ್ಟಲೆ ತೂಗಾಡಿ ಭಟ್ಕಳದಲ್ಲೋ ಗೋವೆಯಲ್ಲೋ ಇಳಿದು, ಘಟ್ಟ ಹತ್ತಿ, ಹುರುಳಿ ತಿನ್ನಲು ಕಲಿತು, ಗೊತ್ತಿಲ್ಲದ ಭಾಷೆಯ ನಡುವೆ ನಿಲ್ಲಬೇಕಾದ ಮರುಭೂಮಿಯ ಕುದುರೆ ಹೇಗಿದ್ದೀತು! ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯಲ್ಲೂ ಮಹಾನವಮಿ ದಿಬ್ಬದಲ್ಲೂ ಕುದುರೆ ಹಿಡಿದು ನಡೆಯುವ ಪರದೇಶಿ ಉಡುಪಿನ ಆಳುಗಳು ಕಾಣಿಸುತ್ತಾರೆ. ಪರಿಚಿತ ಕೈ, ಪರಿಚಿತ ದನಿ ಜೊತೆಗೆ ಬಂದರೆ ಕುದುರೆಯ ದಿಗಿಲು ಅರ್ಧ ಇಳಿಯುತ್ತದೆ. ಶಿಲ್ಪಿಗಳು ಕೆತ್ತಿದ್ದು ಅರಸನ ವೈಭವವನ್ನು. ನಮಗೆ ಅದರಲ್ಲಿ ಲಾಯದ ಒಂದು ಪದ್ಧತಿಯೂ ಕಾಣುತ್ತದೆ.

ಆಮೇಲೆ ಕೃಷ್ಣಾ ಸೀಮೆ. ಮುಧೋಳದ ಘೋರ್ಪಡೆಗಳು ಆದಿಲಶಾಹಿಗೆ ರಾವುತರನ್ನು ಒದಗಿಸಿದ ಮನೆತನ. ಜಮಖಂಡಿಯ ಪಟವರ್ಧನರು ಪೇಶ್ವೆಗಳ ಕುದುರೆಪಡೆಯಿಂದ ಮೇಲೆ ಬಂದವರು. ಮರಾಠಾ ಪಡೆಯಲ್ಲಿ ಸರಕಾರಿ ಪಾಗಾದ, ಎಂದರೆ ಲಾಯದ, ಕುದುರೆ ಏರುವವನು ಬಾರ್ಗೀರ, ಸ್ವಂತ ಕುದುರೆ ತರುವವನು ಶಿಲೇದಾರ. ಶಿಲೇದಾರನಿಗೆ ಕುದುರೆ ಹೋದರೆ ಅನ್ನ ಹೋದಂತೆ. ಹಾಗಾಗಿ ತಿಂಗಳುಗಟ್ಟಲೆ ದಂಡಯಾತ್ರೆಯಲ್ಲಿ ಕುದುರೆಯನ್ನು ಕಂಗೆಡಿಸದೆ ಉಳಿಸಿಕೊಳ್ಳುವುದು ಅವನಿಗೆ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಸಂಜೆ ಜೀನು ಇಳಿಸಿದ ಮೇಲೆ ಮೈ ಕೆರೆದು ತಿಕ್ಕುವ ಖರಾರಾ, ಮಾಲೀಷು ಬೆವರು ಒರೆಸುವುದಕ್ಕಷ್ಟೇ ಅಲ್ಲ, ಕುದುರೆಯನ್ನು ಶಾಂತಗೊಳಿಸುವುದಕ್ಕೂ ಹೌದು. ಇದನ್ನು ಅಳೆದು ತೋರಿಸಿದ್ದು ಬಹಳ ತಡವಾಗಿ: 1993ರಲ್ಲಿ ಕ್ಲೌಡಿಯಾ ಫೇ ಮತ್ತು ಜಾನ್ ದ ಮಜಿಯೇರ್ ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಕತ್ತು ಹೆಗಲು ಸೇರುವ ಕಡೆ ಕೆರೆದಾಗ ಎದೆಬಡಿತ ಇಳಿಯಿತು, ಬೇರೆ ಜಾಗದಲ್ಲಿ ಕೆರೆದಾಗ ಹಾಗಾಗಲಿಲ್ಲ. ಕುದುರೆಗಳು ತಮ್ಮತಮ್ಮಲ್ಲಿ ಹಲ್ಲಿನಿಂದ ಕೆರೆದುಕೊಳ್ಳುವುದೂ ಅದೇ ಜಾಗವನ್ನು.

ಈ ವಿದ್ಯೆ ಈಗಲೂ ಎಲ್ಲರೆದುರು ನಡೆಯುವುದು ಮೈಸೂರಿನಲ್ಲಿ. ದಸರಾ ಜಂಬೂಸವಾರಿಯ ದಿನ ರಾಷ್ಟ್ರಗೀತೆ ಮೊಳಗುವಾಗ ಏಳು ಪಿರಂಗಿಗಳಿಂದ 21 ಕುಶಾಲತೋಪು ಹಾರುತ್ತವೆ. ಅದಕ್ಕೂ ಮೊದಲೇ ಆನೆಗಳ ಜೊತೆ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳನ್ನೂ ಸಾಲಾಗಿ ನಿಲ್ಲಿಸಿ ಬೇರೆ ಬೇರೆ ದಿನ ಸಿಡಿಮದ್ದು ತಾಲೀಮು ಮಾಡಿಸುತ್ತಾರೆ. ಮೊದಲ ದಿನ ಹೊಸ ಕುದುರೆ ಮುಂಗಾಲೆತ್ತುತ್ತದೆ, ಗಿರಕಿ ಹೊಡೆಯುತ್ತದೆ. ಸದ್ದಿನ ಬೆನ್ನಿಗೆ ಕೇಡೇನೂ ಬರಲಿಲ್ಲವೆಂದು ಗೊತ್ತಾದಂತೆ ಕಿವಿಯಾಡಿಸಿ ಸುಮ್ಮನಾಗುತ್ತದೆ. ಇದರ ಗುಟ್ಟು ದೂರ ಮತ್ತು ಬಿಡುವಿನಲ್ಲಿದೆ. ತಡೆದುಕೊಳ್ಳುವಷ್ಟು ದೂರದಿಂದ ಶುರು ಮಾಡಿದರೆ ಅಭ್ಯಾಸ. ಪಿರಂಗಿಯ ಬಾಯಿಗೇ ಕಟ್ಟಿ ನಿಲ್ಲಿಸಿದರೆ ಕುದುರೆ ಅಲುಗಾಡದೆ ನಿಂತೀತು, ಒಳಗಿನ ಭಯ ಹಾಗೇ ಉಳಿದೀತು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಕಾಣುತ್ತದೆ. ಕುದುರೆ ಹಿಡಿದವನಿಗೆ ಲಗಾಮಿನ ಬಿಗುವಿನಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಶಾಸ್ತ್ರದ ಹಂಗಿಲ್ಲದೆ ಇದೇ ಕೆಲಸ ನಡೆಯುವ ಇನ್ನೊಂದು ಜಾಗ ಬಾಗಲಕೋಟೆ, ಬೆಳಗಾವಿ ಸೀಮೆಯ ಸಂಚಾರಿ ಕುರಿಗಾರರ ಮಂದೆ. ಅವರ ತಟ್ಟು ಕುದುರೆಯ ಬೆನ್ನ ಮೇಲೆ ಕಂಬಳಿ, ಪಾತ್ರೆ, ಕೋಳಿ, ನಡೆಯಲಾರದ ಕುರಿಮರಿ ಎಲ್ಲ ಇರುತ್ತದೆ. ಪಾತ್ರೆ ಗಲಗಲ ಎನ್ನುತ್ತದೆ, ಕೋಳಿ ರೆಕ್ಕೆ ಬಡಿಯುತ್ತದೆ, ನಾಯಿ ಕಾಲಡಿ ನುಸುಳುತ್ತದೆ. ಕುದುರೆ ತಲೆ ತಗ್ಗಿಸಿ ಹೋಗುತ್ತಿರುತ್ತದೆ. ಅದರ ಮರಿ ಹಗ್ಗವಿಲ್ಲದೆ ತಾಯಿಯ ಪಕ್ಕದಲ್ಲೇ ನಡೆಯುತ್ತ ಈ ಸದ್ದುಗಳನ್ನೆಲ್ಲ ಕೇಳಿಕೊಂಡೇ ದೊಡ್ಡದಾಗುತ್ತದೆ. ಹೊರೆ ಹೊರುವ ವಯಸ್ಸಿಗೆ ಅದಕ್ಕೆ ಹೊಸದಾಗಿ ಬಿಡಿಸಬೇಕಾದ ಬೆದರು ಅಷ್ಟಾಗಿ ಉಳಿದಿರುವುದಿಲ್ಲ. ಕೌಟಿಲ್ಯನ ಲಾಯಕ್ಕೆ ಬದುಕಿರುವ ಹೋಲಿಕೆ ಬೇಕೆಂದರೆ ಇದೇ.

ಆದರೆ ಈ ಮಂದೆಗಳ ನೆಲೆ ಎಂದಿನಂತೆ ಉಳಿದಿಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಹಾಕಿ, ಮೈಮುರಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರಾಯಿತು. ನೀರು ನಿಂತ ಕಡೆ ಕಬ್ಬು ಬಂತು. ವರ್ಷವಿಡೀ ಕಬ್ಬು ನಿಂತ ಹೊಲದಲ್ಲಿ ಕುರಿ ತರುಬಲು ಜಾಗವಿರುವುದಿಲ್ಲ; ಮಂದೆ ದೂರವಾದರೆ ಅದರ ಕುದುರೆಯೂ ದೂರವಾಗುತ್ತದೆ. ಆದ್ದರಿಂದ ಈ ಸೀಮೆಯ ಕುದುರೆ ವಿದ್ಯೆಯನ್ನು ದಾಖಲಿಸುವ ಕೆಲಸ ಹಸ್ತಪ್ರತಿ ಭಂಡಾರಕ್ಕಿಂತ ಮೊದಲು ಕುರಿಹಟ್ಟಿಯಿಂದ ಶುರುವಾಗಬೇಕು. ಓಲೆಗರಿ ಕಾಯಬಲ್ಲದು, ಮಂದೆ ಮಳೆ ನೋಡಿಕೊಂಡು ಬೇರೆ ದಾರಿ ಹಿಡಿಯುತ್ತದೆ.