ಅಡುಗೆಮನೆಗೆ ಹೊರಟ ಕಂಪ್ಯೂಟರು

1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು ಎಲ್ಲರಿಗೂ ಗೊತ್ತುಂಟು. ಅದೇ ವರ್ಷ ಅಮೆರಿಕದಲ್ಲಿ ಅಡುಗೆಮನೆಗೆಂದೇ ಒಂದು ಕಂಪ್ಯೂಟರು ಮಾರಾಟಕ್ಕೆ ಬಂದ ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು.

ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ನೀಮನ್ ಮಾರ್ಕಸ್ ಎಂಬುದು ಶ್ರೀಮಂತರ ಅಂಗಡಿ. ಕ್ರಿಸ್‌ಮಸ್ಸಿಗೆ ಅದು ಹೊರಡಿಸುವ ಉಡುಗೊರೆಗಳ ಪುಸ್ತಕದಲ್ಲಿ ಆ ಸಲ ಹನಿವೆಲ್ ಕಂಪೆನಿಯ ಈ ಯಂತ್ರವೂ ಇತ್ತು. ಬೆಲೆ 10,600 ಡಾಲರ್. ತೂಕ 45 ಕಿಲೋಗೂ ಮೇಲೆ. ಎದುರಿಗೆ ತರಕಾರಿ ಹೆಚ್ಚುವ ಹಲಗೆ ಬೇರೆ! ಅಡುಗೆಯ ಕ್ರಮಗಳನ್ನೆಲ್ಲ ಇದು ನೆನಪಿಟ್ಟುಕೊಳ್ಳುತ್ತದೆ ಅಂತ ಆಸೆ ತೋರಿಸಿದ್ದರು.

ಆದರೆ ಅದಕ್ಕೆ ಟಿ.ವಿ.ಯಂಥ ಪರದೆ ಇರಲಿಲ್ಲ, ಅಕ್ಷರ ಒತ್ತುವ ಕೀಲಿಮಣೆಯೂ ಇರಲಿಲ್ಲ. ಸಾಲು ಸಾಲು ಸ್ವಿಚ್ಚು, ಸಾಲು ಸಾಲು ದೀಪ, ಅಷ್ಟೆ. ಒಂದು ತರಕಾರಿಯ ಹೆಸರು ತಿಳಿಸಬೇಕಾದರೂ ಒಂದು–ಸೊನ್ನೆಗಳ ಲೆಕ್ಕದಲ್ಲಿ ಸ್ವಿಚ್ಚು ಒತ್ತಬೇಕು. ಯಾವ ದೀಪ ಉರಿಯಿತು, ಯಾವುದು ಉರಿಯಲಿಲ್ಲ ಎಂದು ನೋಡಿ ಉತ್ತರ ಬಿಡಿಸಿಕೊಳ್ಳಬೇಕು. ಇದನ್ನು ಕಲಿಸುವ ಎರಡು ವಾರದ ಪಾಠವೂ ಆ ಬೆಲೆಯಲ್ಲೇ ಸೇರಿತ್ತು. ಒಲೆಯ ಮೇಲಿನ ಸಾಂಬಾರು ಅಷ್ಟು ಹೊತ್ತು ಕಾಯುತ್ತದಾ? ದಿನಾ ಅಡುಗೆ ಮಾಡುವ ಒಬ್ಬ ಹೆಂಗಸನ್ನು ಮೊದಲೇ ಒಂದು ಮಾತು ಕೇಳಬಹುದಿತ್ತು. ನಮ್ಮ ಅಜ್ಜಿಯಂದಿರು ಕಡೆಯುವ ಕಲ್ಲಿನೆದುರು ಕೂತಲ್ಲೇ ಮದುವೆಯೂಟದ ಲೆಕ್ಕ ಹಾಕುತ್ತಿದ್ದರು.

ಒಂದಾದರೂ ಮಾರಾಟವಾದ ದಾಖಲೆ ಸಿಕ್ಕಿಲ್ಲ.

ಹಾಗಂತ ಯಂತ್ರ ದಡ್ಡನೇನಲ್ಲ. ಅದರ ನಿಜವಾದ ಹೆಸರು ಎಚ್-316. ಅದೇ ಮಾದರಿಯ ಯಂತ್ರಗಳು ಮುಂದೆ ಆರ್ಪಾನೆಟ್ ಎಂಬ ಜಾಲದಲ್ಲಿ, ದೂರ ದೂರದ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಮಾಡಿದವು. ಇವತ್ತಿನ ಇಂಟರ್‌ನೆಟ್ಟಿನ ಅಜ್ಜ ಆ ಜಾಲ. ಅಲ್ಲಿ ಯಾರೂ ಅದಕ್ಕೆ ತರಕಾರಿ ಹಲಗೆ ಕೂರಿಸಲಿಲ್ಲ.